ಜಾನುವಾರಿಗೆ ಬೆಲೆ ಕಟ್ಟುವ ಬಗೆ: ಉಡುಪಿ ಜಿಲ್ಲೆಯ ಪಶು ವ್ಯಾಪಾರದ ಒಂದು ನೋಟ

ಉಡುಪಿ ಜಿಲ್ಲೆಯಲ್ಲಿ ದೊರೆಯುವ ಬಹುತೇಕ ಸರಕುಗಳಿಗೆ ಎಲ್ಲರೂ ಬಲ್ಲ ದರವೊಂದಿದೆ. ಮಲ್ಪೆ ಬಂದರಿನಲ್ಲಿ ಬೋಟಿನಿಂದಿಳಿದ ಮೀನು ಬಹಿರಂಗ ಏಲಂನಲ್ಲಿ ಮಾರಾಟವಾಗುತ್ತದೆ. ಬೆಳಗಿನ ಕೂಗು ಮುಗಿಯುವಷ್ಟರಲ್ಲಿ ಅಂದಿನ ಬಂಗುಡೆ, ಬೂತಾಯಿಗಳ ದರ ಜಿಲ್ಲೆಗೆಲ್ಲ ತಿಳಿದಿರುತ್ತದೆ. ಕಾಪು ತಾಲೂಕಿನ ಶಂಕರಪುರದ ಮಲ್ಲಿಗೆಗೆ ಪ್ರತಿದಿನವೂ ಅಟ್ಟೆಯೊಂದಕ್ಕೆ ಇಷ್ಟೆಂದು ಕಟ್ಟೆಯಲ್ಲಿ ದರ ಗೊತ್ತುಪಡಿಸಲಾಗುತ್ತದೆ. ಹೂವಿನ ವ್ಯಾಪಾರವೆಲ್ಲ ಅದನ್ನೇ ಆಧರಿಸಿ ನಡೆಯುತ್ತದೆ. ಹಾಲಿಗೆ ಸಹಕಾರಿ ಸಂಘದ ದರಪಟ್ಟಿಯಿದೆ, ಅಡಿಕೆಗೆ ಕ್ಯಾಂಪ್ಕೊ ಪ್ರಕಟಿಸುವ ಧಾರಣೆಯಿದೆ.

ಆದರೆ ಆ ಹಾಲನ್ನು ಕೊಡುವ ಹಸುವಿಗೆ ಅಂತಹ ದರವಿಲ್ಲ. ಕಾರ್ಕಳದ ಹಳ್ಳಿಯೊಂದರಲ್ಲಿ ಎರಡನೇ ಸೂಲಿನ ಜೆರ್ಸಿ ಹಸುವಿನ ಬೆಲೆಯೇನೆಂದು ಕೇಳಿದರೆ ದೊರೆಯುವ ಉತ್ತರ, ಕೇಳಿದವನಾರು, ಮಾರುವವನಿಗೆ ಎಷ್ಟು ಅವಸರ, ನಡುವೆ ನಿಂತ ದಲ್ಲಾಳಿ ಯಾರು ಎಂಬುದನ್ನು ಅವಲಂಬಿಸಿರುತ್ತದೆ. ಒಂದೇ ವಾರದಲ್ಲಿ ಒಂದೇ ಬಗೆಯ ಎರಡು ಹಸುಗಳು ಪಕ್ಕಪಕ್ಕದ ಊರುಗಳಲ್ಲಿ ಬೇರೆ ಬೇರೆ ಬೆಲೆಗೆ ಮಾರಾಟವಾದರೂ ಆ ವ್ಯತ್ಯಾಸ ಯಾರ ಗಮನಕ್ಕೂ ಬಾರದು. ಇದು ಕೇವಲ ಹೈನುಗಾರರ ಸಮಸ್ಯೆಯಲ್ಲ. ಪಶು ಆಹಾರದ ವ್ಯಾಪಾರಿ, ಹಾಲು ಕರೆಯುವ ಯಂತ್ರದ ಮಾರಾಟಗಾರ, ಸಾಗಾಟದ ವಾಹನದವರು, ಮಾಂಸದ ಅಂಗಡಿಯವರು, ಸಾಲ ಕೊಡುವ ಸಹಕಾರಿ ಸಂಘ, ಇವರೆಲ್ಲರ ವ್ಯವಹಾರವೂ ಈ ಬೆಲೆಯ ಮೇಲೆಯೇ ನಿಂತಿದೆ. ಆದ್ದರಿಂದ ಬೆಲೆ ಹುಟ್ಟುವ ಬಗೆಯನ್ನೂ ಅದರ ಏರಿಳಿತದ ಕಾರಣಗಳನ್ನೂ ಅರಿಯುವುದು ಅವಶ್ಯ.

ಘಟ್ಟದಿಂದ ಇಳಿದು ಬಂದ ವ್ಯಾಪಾರ

ಕರಾವಳಿಯು ಹಿಂದಿನಿಂದಲೂ ಜಾನುವಾರುಗಳನ್ನು ಹೊರಗಿನಿಂದ ಕೊಂಡ ಪ್ರದೇಶ. ವಿಪರೀತ ಮಳೆ, ಸತ್ವ ಕಡಿಮೆಯಿರುವ ಮುಳಿಹುಲ್ಲು, ಕಿರಿದಾದ ಹಿಡುವಳಿ ಇವುಗಳ ಕಾರಣದಿಂದ ದೊಡ್ಡ ಗಾತ್ರದ ಉಳುವ ಎತ್ತು, ಕೋಣಗಳು ಇಲ್ಲಿ ಹೆಚ್ಚಾಗಿ ಬೆಳೆಯಲಿಲ್ಲ. ಕೆಸರುಗದ್ದೆಯ ಉಳುಮೆಗೆ ಬೇಕಾದ ಪ್ರಾಣಿಗಳು ಘಟ್ಟದ ಮೇಲಿನಿಂದ ಬರುತ್ತಿದ್ದವು. ಕುಕ್ಕೆ ಸುಬ್ರಹ್ಮಣ್ಯದ ಸಮೀಪದ ಕುಲ್ಕುಂದದಲ್ಲಿ ಚಂಪಾ ಷಷ್ಠಿಯ ಆಸುಪಾಸಿನಲ್ಲಿ ಸೇರುತ್ತಿದ್ದ ಜಾನುವಾರು ಜಾತ್ರೆ ಈ ವ್ಯಾಪಾರದ ಪ್ರಮುಖ ನೆಲೆಯಾಗಿತ್ತು. ಏಣೇಲು ಬೇಸಾಯದ ಮುಂಚಿನ ತಿಂಗಳುಗಳಲ್ಲಿ ಉಳುವ ಜೋಡಿಗೆ ಬೆಲೆ ಏರುವುದು, ಬೇಸಾಯ ಮುಗಿದ ಮೇಲೆ ಇಳಿಯುವುದು, ಇದು ಆ ಕಾಲದ ವಾರ್ಷಿಕ ಕ್ರಮ.

ಪವರ್ ಟಿಲ್ಲರ್ ಮತ್ತು ಟ್ರ್ಯಾಕ್ಟರ್‌ಗಳು ಈ ಕ್ರಮವನ್ನು ಅಳಿಸಿಹಾಕಿದವು. ದೇಶಮಟ್ಟದ ಅಂಕಿಅಂಶ ಇದನ್ನು ಸ್ಪಷ್ಟಪಡಿಸುತ್ತದೆ. 2012ರ ಜಾನುವಾರು ಗಣತಿಗೆ ಹೋಲಿಸಿದರೆ 2019ರ 20ನೇ ಗಣತಿಯಲ್ಲಿ ಭಾರತದ ಗಂಡು ದನಗಳ ಸಂಖ್ಯೆ ಸುಮಾರು ಶೇ. 30ರಷ್ಟು ಕುಸಿದು, ಹೆಣ್ಣು ದನಗಳ ಸಂಖ್ಯೆ ಶೇ. 18ರಷ್ಟು ಏರಿತು. ಅಂದರೆ ದನಕ್ಕೆ ಬೆಲೆ ತರುತ್ತಿದ್ದ ಶಕ್ತಿ ಹೆಗಲಿನಿಂದ ಕೆಚ್ಚಲಿಗೆ ಸರಿಯಿತು. ಉಳುವ ಎತ್ತಿನ ಜಾತ್ರೆಗಳು ಕ್ಷೀಣಿಸಿದಂತೆ ಕರಾವಳಿಯ ರೈತನ ಪಾಲಿಗೆ ಜಾನುವಾರುಗಳನ್ನು ಸಾಲಾಗಿ ನಿಲ್ಲಿಸಿ ಹೋಲಿಸಿ ನೋಡುವ ಅವಕಾಶವೂ ಕಡಿಮೆಯಾಯಿತು. ಹಾಲಿನ ಹಸುಗಳ ವ್ಯಾಪಾರ ಹಟ್ಟಿಯಿಂದ ಹಟ್ಟಿಗೆ, ದಲ್ಲಾಳಿಯ ಮುಖಾಂತರ ನಡೆಯತೊಡಗಿತು.

ಸಂತೆಯೇ ಬೇರೆ, ಏಲಂ ಬೇರೆ

ಕರ್ನಾಟಕದ ಜಾನುವಾರು ಸಂತೆಗಳನ್ನು ಹರಾಜು ಮಾರುಕಟ್ಟೆಯೆಂದು ಭಾವಿಸುವುದುಂಟು. ವಾಸ್ತವದಲ್ಲಿ ಅಲ್ಲಿ ಬಹುಪಾಲು ವ್ಯಾಪಾರ ನಡೆಯುವುದು ಇಬ್ಬರ ನಡುವಿನ ಚೌಕಾಸಿಯಿಂದ. ದೊಡ್ಡಬಳ್ಳಾಪುರದ ಘಾಟಿ ಸುಬ್ರಹ್ಮಣ್ಯದಂತಹ ಜಾತ್ರೆಗಳಲ್ಲಿ ಕೊಳ್ಳುವವನೂ ಮಾರುವವನೂ ಕೈಗಳ ಮೇಲೆ ಟವೆಲ್ ಮುಚ್ಚಿಕೊಂಡು ಬೆರಳು ಹಿಡಿದು ಬೆಲೆ ಕೇಳುವ ಪದ್ಧತಿ ಪ್ರಸಿದ್ಧವಾಗಿದೆ. ಒಂದು ಬೆರಳು ಸಾವಿರವೋ ಹತ್ತು ಸಾವಿರವೋ ಎಂಬುದು ಪ್ರಾಣಿಯ ದರ್ಜೆಯಿಂದಲೇ ಇಬ್ಬರಿಗೂ ಗೊತ್ತಿರುತ್ತದೆ. ಈ ಪದ್ಧತಿಯ ಗುಣವೆಂದರೆ ಗೌಪ್ಯ: ವ್ಯಾಪಾರ ಮುರಿದರೆ ಮಾರುವವನ ಮಾನಕ್ಕೆ ಕುಂದಿಲ್ಲ, ಮುಂದಿನ ಗಿರಾಕಿಗೆ ಹಿಂದಿನವನು ಕೇಳಿದ ಬೆಲೆ ತಿಳಿಯದು. ದೋಷವೂ ಅದೇ ಗೌಪ್ಯ: ಪಕ್ಕದಲ್ಲಿ ನಿಂತ ಮೂರನೆಯವನಿಗೆ ಆ ದಿನದ ದರ ತಿಳಿಯುವುದಿಲ್ಲ.

ಇಂತಹ ಸಂತೆಗಳಲ್ಲಿ ನಿಜವಾಗಿ ಹರಾಜಾಗುವುದು ಪ್ರಾಣಿಯಲ್ಲ, ಸುಂಕ ವಸೂಲಿಯ ಹಕ್ಕು. ಸ್ಥಳೀಯ ಸಂಸ್ಥೆಗಳು ವರ್ಷಕ್ಕೊಮ್ಮೆ ಈ ಹಕ್ಕನ್ನು ಬಹಿರಂಗವಾಗಿ ಹರಾಜು ಹಾಕುತ್ತವೆ. ಸಂತೆಗೆ ಬರುವ ವ್ಯಾಪಾರ ಹೆಚ್ಚಿದೆಯೇ ಕುಗ್ಗಿದೆಯೇ ಎಂಬುದನ್ನು ಅಳೆಯಲು ಈ ಹರಾಜಿನ ಮೊತ್ತ ಒಂದು ಸೂಚಕವಾಗಬಲ್ಲದು. ಪ್ರಾಣಿಯ ಬೆಲೆಯನ್ನು ಮಾತ್ರ ಅದು ಹೇಳದು.

ತುಳುನಾಡಿನಲ್ಲಿ ಜಾನುವಾರು, ಕೋಳಿಗಳ ನಿಜವಾದ ಏಲಂ ಕಾಣಸಿಗುವುದು ದೈವಸ್ಥಾನ, ದೇವಸ್ಥಾನ, ಚರ್ಚುಗಳ ಅಂಗಳದಲ್ಲಿ. ಹರಕೆಯಾಗಿ ಬಂದ ಕೋಳಿ, ಹಣ್ಣು, ತರಕಾರಿಗಳನ್ನು ಅಲ್ಲಿ ಬಹಿರಂಗವಾಗಿ ಕೂಗಲಾಗುತ್ತದೆ. ಆದರೆ ಇಲ್ಲಿನ ಬೆಲೆಯಲ್ಲಿ ಭಕ್ತಿ, ಪ್ರತಿಷ್ಠೆಗಳ ಪಾಲೂ ಸೇರಿರುವುದರಿಂದ ಅದನ್ನು ಮಾರುಕಟ್ಟೆಯ ದರವೆಂದು ಪರಿಗಣಿಸುವಂತಿಲ್ಲ. ಬಹಿರಂಗವಾಗಿ ಕೂಗಿದ ಮಾತ್ರಕ್ಕೆ ಬೆಲೆ ಸರಿಯಾಗಿಬಿಡದು. ಕೂಗುವವರೆಲ್ಲರೂ ಸರಕಿನ ಉಪಯೋಗದ ಮೇಲೆ ಲೆಕ್ಕ ಹಾಕುತ್ತಿರಬೇಕು. ಮಲ್ಪೆಯ ಏಲಂ ವಿಶ್ವಾಸಾರ್ಹವಾಗಿರುವುದು ಈ ಕಾರಣದಿಂದ.

ಹೈನುಹಸುವಿನ ಲೆಕ್ಕಾಚಾರ

ಹೊರಗಣ್ಣಿಗೆ ಹಸುವಿನ ಬೆಲೆ ಹಲ್ಲು, ಸುಳಿ, ಬಣ್ಣ, ಕೊಂಬು, ಕೆಚ್ಚಲುಗಳ ಮೇಲೆ ನಿಂತಂತೆ ಕಾಣುತ್ತದೆ. ಹಲ್ಲಿನಿಂದ ವಯಸ್ಸು ತಿಳಿಯುತ್ತದೆ: ಎರಡು ಹಲ್ಲು ಎಂದರೆ ಸುಮಾರು ಎರಡರಿಂದ ಎರಡೂವರೆ ವರ್ಷ, ಎಂಟು ಹಲ್ಲು ಹುಟ್ಟಿ ಬಾಯಿಗೂಡಿದರೆ ನಾಲ್ಕೂವರೆಯಿಂದ ಐದು ವರ್ಷ. ಸುಳಿಯ ಶುಭಾಶುಭ ನಂಬಿಕೆಯ ವಿಷಯವಾದರೂ ಬೆಲೆಯ ಮೇಲೆ ಅದರ ಪರಿಣಾಮ ಮಾತ್ರ ಇದ್ದೇ ಇದೆ. ಆದರೆ ಇವೆಲ್ಲದರ ಕೆಳಗೆ ನೆಲಗಟ್ಟಿನಂತಿರುವುದು ಹಾಲಿನ ಲೆಕ್ಕ.

ಈ ಭಾಗದಲ್ಲಿ ಹಾಲಿನ ಸಂಘಟಿತ ಮಾರುಕಟ್ಟೆ 1970ರ ದಶಕದಲ್ಲಿ ಮಣಿಪಾಲದ ಕೆನರಾ ಮಿಲ್ಕ್ ಯೂನಿಯನ್ನಿನಿಂದ ಆರಂಭವಾಯಿತು. ಮುಂದೆ ದಕ್ಷಿಣ ಕನ್ನಡ ಸಹಕಾರಿ ಹಾಲು ಉತ್ಪಾದಕರ ಒಕ್ಕೂಟ ಈ ಕಾರ್ಯವನ್ನು ವಹಿಸಿಕೊಂಡು ಎರಡೂ ಜಿಲ್ಲೆಗಳಲ್ಲಿ ನಡೆಸುತ್ತಿದೆ. ಹಾಲಿನಲ್ಲಿರುವ ಜಿಡ್ಡು ಮತ್ತು ಜಿಡ್ಡೇತರ ಘನಾಂಶವನ್ನು ಅಳೆದು ಹಣ ಕೊಡುವ ಕ್ರಮದಿಂದ ಹಸುವಿನ ವರಮಾನ ಅಂದಾಜಿಗೆ ಸಿಗುವಂತಾಯಿತು. ರಾಜ್ಯ ಸರಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂ., 2013ರಲ್ಲಿ 4 ರೂ., 2016ರಲ್ಲಿ 5 ರೂ. ಆಯಿತು. ಇಂತಹ ಪ್ರತಿಯೊಂದು ಹೆಚ್ಚಳವೂ ಹಸುವಿನ ಬೆಲೆಯೊಳಗೆ ಸೇರಿಕೊಳ್ಳುತ್ತದೆ. ಅದು ಸೇರುವ ಬಗೆಯನ್ನು ಕೆಳಗಿನ ಉದಾಹರಣೆ ತೋರಿಸುತ್ತದೆ. ಇಲ್ಲಿನ ದರಗಳು ಲೆಕ್ಕದ ಸಲುವಾಗಿ ಹಿಡಿದವು. ಓದುಗರು ತಮ್ಮ ಊರಿನ ದರ ಹಾಕಿ ನೋಡಬಹುದು.

ವರ್ಷಕ್ಕೊಂದು ಕರು ಹಾಕಿ, ಸೂಲೊಂದಕ್ಕೆ 3,000 ಲೀಟರ್ ಹಾಲು ಕೊಡುವ ಮಿಶ್ರತಳಿ ಹಸುವಿದೆ ಎಂದಿಟ್ಟುಕೊಳ್ಳೋಣ.

ಹಾಲಿನಿಂದ, ಲೀಟರಿಗೆ 35 ರೂ.ನಂತೆ: 1,05,000 ರೂ.
ಪಶು ಆಹಾರ 1,750 ಕಿಲೋ, ಕಿಲೋಗೆ 25 ರೂ.ನಂತೆ: 43,750 ರೂ.
ಬೈಹುಲ್ಲು, ಹಸಿಹುಲ್ಲು, ದಿನಕ್ಕೆ 60 ರೂ.ನಂತೆ: 21,900 ರೂ.
ಚಿಕಿತ್ಸೆ, ಗರ್ಭಧಾರಣೆ, ವಿಮೆ ಇತ್ಯಾದಿ: 8,000 ರೂ.
ಉಳಿಕೆ: 31,350 ರೂ.

ಪಶು ಆಹಾರದ ಪ್ರಮಾಣವನ್ನು ಪಶುಪಾಲನೆಯ ಸಾಮಾನ್ಯ ಸೂತ್ರದಂತೆ, ಶರೀರ ಪೋಷಣೆಗೆ ದಿನಕ್ಕೆ ಒಂದೂವರೆ ಕಿಲೋ ಹಾಗೂ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ ಎಂದು ಹಿಡಿಯಲಾಗಿದೆ. ಮನೆಯವರ ದುಡಿಮೆಗೆ ಕೂಲಿ ಕಟ್ಟಿಲ್ಲ. ಈ ಹಸುವಿಗೆ ಇನ್ನು ಮೂರು ಸೂಲು ಬಾಕಿಯಿದೆ ಎಂದರೆ ಒಟ್ಟು ಉಳಿಕೆ 94,050 ರೂ. ಇದಕ್ಕಿಂತ ಹೆಚ್ಚು ಕೊಟ್ಟು ಕೊಂಡವನು ತನ್ನ ದುಡಿಮೆಗೆ ಏನನ್ನೂ ಪಡೆಯದೆ ಕೈಯಿಂದಲೂ ಕಳೆದುಕೊಳ್ಳುತ್ತಾನೆ. ದುಡಿಮೆಗೆ ಏನಾದರೂ ಉಳಿಯಬೇಕಾದರೆ ಬೆಲೆ ಇದಕ್ಕಿಂತ ಸಾಕಷ್ಟು ಕೆಳಗೇ ಇರಬೇಕು.

ಈಗ ಏರಿಳಿತಗಳ ಪರಿಣಾಮ ನೋಡಬಹುದು. ಹಾಲಿನ ದರ ಲೀಟರಿಗೆ 2 ರೂ. ಏರಿದರೆ ಸೂಲಿಗೆ 6,000 ರೂ., ಮೂರು ಸೂಲಿಗೆ 18,000 ರೂ. ಹೆಚ್ಚು. ಪಶು ಆಹಾರ ಕಿಲೋಗೆ 4 ರೂ. ಏರಿದರೆ ಸೂಲಿಗೆ 7,000 ರೂ., ಮೂರು ಸೂಲಿಗೆ 21,000 ರೂ. ಕಡಿಮೆ. ಅಂದರೆ ಹಾಲಿನ ದರದ ಏರಿಕೆಯನ್ನು ಹಿಂಡಿಯ ದರ ನುಂಗಿಹಾಕಬಲ್ಲದು. ಹಾಲಿನ ದರ ಹೆಚ್ಚಾದರೂ ಹಸುವಿನ ಬೆಲೆ ಏಕೆ ಏರಲಿಲ್ಲ ಎಂಬ ಪ್ರಶ್ನೆಗೆ ಅನೇಕ ವೇಳೆ ಉತ್ತರ ಇಲ್ಲಿದೆ. ಭತ್ತದ ಗದ್ದೆಗಳು ಕಡಿಮೆಯಾಗಿ ಬೈಹುಲ್ಲನ್ನು ಘಟ್ಟದ ಮೇಲಿನಿಂದ ಲಾರಿಯಲ್ಲಿ ತರಿಸಬೇಕಾದ ಕರಾವಳಿಯ ಹೈನುಗಾರನಿಗೆ ಡೀಸೆಲ್ ದರವೂ ಹಸುವಿನ ಬೆಲೆಯ ಒಂದು ಅಂಶವೇ.

ಇದರಿಂದ ಬೇರೆಯಾಗಿ ನಿಲ್ಲುವುದು ಮಲೆನಾಡು ಗಿಡ್ಡ. 2012ರಲ್ಲಿ ಪ್ರತ್ಯೇಕ ತಳಿಯೆಂಬ ಮಾನ್ಯತೆ ಪಡೆದ ಈ ಪುಟ್ಟ ದನ ಕಾರ್ಕಳ, ಹೆಬ್ರಿಗಳಂತಹ ಘಟ್ಟದ ಬುಡದ ಊರುಗಳಲ್ಲಿ ಇಂದಿಗೂ ಇದೆ. ಇದರ ಹಾಲು ಕಡಿಮೆ, ಖರ್ಚು ಇನ್ನೂ ಕಡಿಮೆ. ಹಾಲಿನ ಲೆಕ್ಕದಿಂದ ಇದಕ್ಕೆ ಹೆಚ್ಚು ಬೆಲೆ ಬಾರದು. ಆದರೆ ಸಾವಯವ ಕೃಷಿಕರು, ದೇಸಿ ಹಾಲು ತುಪ್ಪಗಳಿಗೆ ಹೆಚ್ಚು ಹಣ ಕೊಡಲು ಸಿದ್ಧರಿರುವ ನಗರದ ಗಿರಾಕಿಗಳು ಇರುವೆಡೆ ಅದಕ್ಕೆ ಬೇರೆಯೇ ಮಾರುಕಟ್ಟೆಯಿದೆ.

ಕೊನೆಗೆ ಉಳಿಯುವ ಬೆಲೆ

ಯಂತ್ರವೊಂದನ್ನು ಕೊಳ್ಳುವ ಕೈಗಾರಿಕೋದ್ಯಮಿ ಅದರ ಗುಜರಿ ಬೆಲೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾನೆ. ಹಾಲು ಬತ್ತಿದ ಹಸು, ಗಂಡು ಕರು ಇವುಗಳ ಮಾರಾಟದಿಂದ ಬರುವ ಹಣ ಹೈನುಗಾರಿಕೆಯಲ್ಲಿ ಅದೇ ಸ್ಥಾನ ಪಡೆದಿತ್ತು. ಕರ್ನಾಟಕದ 1964ರ ಕಾನೂನು ಹಸು ಮತ್ತು ಕರುಗಳ ವಧೆಯನ್ನು ನಿಷೇಧಿಸಿದ್ದರೂ 12 ವರ್ಷ ಮೀರಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಕೋಣ, ಎಮ್ಮೆಗಳಿಗೆ ಪ್ರಮಾಣಪತ್ರದ ಮೇಲೆ ಅವಕಾಶ ನೀಡಿತ್ತು. 2021ರ ಆರಂಭದಲ್ಲಿ ಜಾರಿಗೆ ಬಂದ ಜಾನುವಾರು ವಧೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾನೂನು ಎತ್ತು, ಹೋರಿಗಳನ್ನೂ ಈ ನಿಷೇಧದೊಳಗೆ ತಂದು, 13 ವರ್ಷ ಮೀರಿದ ಎಮ್ಮೆ ಕೋಣಗಳಿಗೆ ಮಾತ್ರ ವಿನಾಯಿತಿ ಉಳಿಸಿತು. ಉಲ್ಲಂಘನೆಗೆ ಮೂರರಿಂದ ಏಳು ವರ್ಷಗಳವರೆಗೆ ಸೆರೆವಾಸವಿದೆ, 50,000 ರೂ.ಗಿಂತ ಕಡಿಮೆಯಿಲ್ಲದ ದಂಡವೂ ಇದೆ.

ಕಾನೂನಿನ ಸಾಮಾಜಿಕ ಉದ್ದೇಶಗಳ ಚರ್ಚೆ ಈ ಲೇಖನದ ವಿಷಯವಲ್ಲ. ವ್ಯಾಪಾರದ ದೃಷ್ಟಿಯಿಂದ ಅದರ ಪರಿಣಾಮ ಮಾತ್ರ ಸ್ಪಷ್ಟವಾಗಿದೆ. ಮೇಲಿನ ಉದಾಹರಣೆಯ ಹಸುವಿಗೆ ಮೂರು ಸೂಲಿನ ನಂತರ 15,000 ರೂ. ಬರುತ್ತಿತ್ತು ಎಂದು ಭಾವಿಸಿದರೆ, ಆ ಮೊತ್ತ ಆಕೆಯ ಇಂದಿನ ಬೆಲೆಯಲ್ಲಿಯೂ ಸೇರಿತ್ತು. ಅದು ಇಲ್ಲವಾದಾಗ ಇಂದಿನ ಬೆಲೆ ಅಷ್ಟು ತಗ್ಗುತ್ತದೆ. ಬರಡು ಹಸುವನ್ನು ಸಾಕುವ ಖರ್ಚು ಸೇರಿದರೆ ಇನ್ನೂ ತಗ್ಗುತ್ತದೆ. ಹಸುಗಳ ನಡುವಿನ ಬೆಲೆಯ ಅಂತರವೂ ಹಿಗ್ಗುತ್ತದೆ: ಗಬ್ಬದ ಕಡಸು, ಮೊದಲ ಸೂಲಿನ ಹಸುಗಳಿಗೆ ಬೇಡಿಕೆ ಉಳಿದರೂ ನಾಲ್ಕನೇ ಸೂಲಿನ ನಂತರದ ಹಸುವನ್ನು ಕೇಳುವವರಿಲ್ಲ. ಹೆಣ್ಣು ಕರುಗಳನ್ನೇ ಹೆಚ್ಚಾಗಿ ಪಡೆಯಲು ನೆರವಾಗುವ ಲಿಂಗ ವಿಂಗಡಿತ ವೀರ್ಯದ ನಳಿಕೆಗಳಿಗೆ ಹೈನುಗಾರರಲ್ಲಿ ಆಸಕ್ತಿ ಹೆಚ್ಚಲು ಇದೂ ಒಂದು ಕಾರಣ.

ಆಡು, ಕುರಿ, ಕೋಳಿ: ತೂಕ ಮತ್ತು ಪಂಚಾಂಗ

ಮಾಂಸದ ಪ್ರಾಣಿಗಳ ಬೆಲೆಯನ್ನು ಎರಡು ಅಂಶಗಳು ನಿರ್ಧರಿಸುತ್ತವೆ: ತೂಕ ಮತ್ತು ದಿನಾಂಕ. ಜೀವಂತ ತೂಕದ ಸುಮಾರು ಅರ್ಧಕ್ಕಿಂತ ತುಸು ಕಡಿಮೆ ಮಾಂಸ ದೊರೆಯುವುದೆಂಬುದು ವ್ಯಾಪಾರಿಗಳು ಬಲ್ಲ ಸೂತ್ರ. ಆದರೂ ಆಡು, ಕುರಿಗಳನ್ನು ತೂಗದೆ ಕಣ್ಣಂದಾಜಿನಲ್ಲಿ ತಲೆಗಿಷ್ಟು ಎಂದು ಮಾರುವುದು ಇಂದಿಗೂ ಸಾಮಾನ್ಯ. ದಿನಕ್ಕೆ ಹತ್ತಾರು ಪ್ರಾಣಿ ನೋಡುವ ವ್ಯಾಪಾರಿಯ ಕಣ್ಣು ಪಳಗಿದ್ದು. ವರ್ಷಕ್ಕೆ ನಾಲ್ಕು ಆಡು ಮಾರುವ ಸಾಕಣೆದಾರನದು ಹಾಗಲ್ಲ. ಜೀವಂತ ತೂಕಕ್ಕೆ ಕಿಲೋಗೆ 400 ರೂ. ಎಂದು ಹಿಡಿದರೆ ಮೂರು ಕಿಲೋಗಳ ತಪ್ಪು ಅಂದಾಜಿನಿಂದ 1,200 ರೂ. ಕೈತಪ್ಪುತ್ತದೆ.

ತಕ್ಕಡಿಯಿಲ್ಲದಲ್ಲಿ ಟೇಪಿನಿಂದಲೂ ತೂಕ ಅಂದಾಜಿಸಬಹುದು. ಮುಂಗಾಲುಗಳ ಹಿಂದಿನ ಎದೆಯ ಸುತ್ತಳತೆಯನ್ನು ಇಂಚಿನಲ್ಲಿ ಅಳೆದು, ಅದನ್ನು ಅದರಿಂದಲೇ ಗುಣಿಸಿ, ಬಳಿಕ ಭುಜದ ತುದಿಯಿಂದ ಪೃಷ್ಠದ ಮೂಳೆಯವರೆಗಿನ ಉದ್ದದಿಂದ ಗುಣಿಸಿ 300ರಿಂದ ಭಾಗಿಸಿದರೆ ತೂಕ ಪೌಂಡಿನಲ್ಲಿ ಬರುತ್ತದೆ. ಸುತ್ತಳತೆ 28, ಉದ್ದ 26 ಇಂಚು ಇರುವ ಆಡು ಸುಮಾರು 68 ಪೌಂಡು, ಅಂದರೆ 31 ಕಿಲೋ ತೂಗುತ್ತದೆ.

ಇನ್ನು ದಿನಾಂಕ. ರಾಜ್ಯದ ಕುರಿ ಸಂತೆಗಳಲ್ಲಿ, ಉದಾಹರಣೆಗೆ ಬಾಗಲಕೋಟೆ ಜಿಲ್ಲೆಯ ಅಮೀನಗಡದಲ್ಲಿ, ಬಕ್ರೀದಿಗೆ ಮೊದಲಿನ ವಾರಗಳಲ್ಲಿ ವ್ಯಾಪಾರ ಉತ್ತುಂಗಕ್ಕೇರುತ್ತದೆ. ಚಾಂದ್ರಮಾನದ ಈ ಹಬ್ಬ ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. 2015ರ ಸೆಪ್ಟೆಂಬರ್ ಕೊನೆಯಿಂದ 2025ರ ಜೂನ್ 7ರವರೆಗಿನ ಹನ್ನೊಂದು ಹಬ್ಬಗಳೂ ಕರಾವಳಿಯ ಮಳೆಗಾಲದೊಳಗೆ ಬಂದಿದ್ದವು. 2026ರಿಂದ ಹಬ್ಬ ಮೇ ತಿಂಗಳೊಳಕ್ಕೆ, ಮುಂದೆ ಏಪ್ರಿಲಿಗೆ ಸರಿಯುತ್ತದೆ. ಹಬ್ಬಕ್ಕೆಂದು ಕೊಬ್ಬಿಸುವ ಟಗರಿಗೆ ಮೂರು ನಾಲ್ಕು ತಿಂಗಳ ಸಾಕಣೆ ಬೇಕಾಗುವುದರಿಂದ ಇನ್ನು ಮುಂದೆ ಆ ಸಾಕಣೆ ಒಣ ತಿಂಗಳುಗಳಲ್ಲಿ, ಹಸಿ ಮೇವು ಕಡಿಮೆಯಿರುವಾಗ ನಡೆಯಬೇಕು. ಮೇವಿನ ವೆಚ್ಚ ಏರಿ, ಮಳೆಯ ತೊಂದರೆಯಿಲ್ಲದೆ ಸಾಗಾಟ ಸುಲಭವಾಗುತ್ತದೆ. ಮರಿ ಕೊಳ್ಳುವವರು ಹಿಂದಿನ ದಶಕದ ಅನುಭವವನ್ನೇ ನೆಚ್ಚಿದರೆ ಲೆಕ್ಕ ತಪ್ಪೀತು.

ಕಾಪುವಿನ ಮಾರಿಗುಡಿಗಳಲ್ಲಿ ನಡೆಯುವ ಸುಗ್ಗಿ, ಆಟಿ, ಜಾರ್ದೆ ಮಾರಿಪೂಜೆಗಳ ಸಂದರ್ಭದಲ್ಲಿ ಊರ ಕೋಳಿಗೆ ಬರುವ ಬೇಡಿಕೆಯೂ ಇಂತಹದೇ. ನಿಗದಿತ ದಿನಕ್ಕೆ ನಿಗದಿತ ಬಗೆಯ ಕೋಳಿಯೇ ಬೇಕಾಗುವಾಗ ಕೊಳ್ಳುವವರು ಹೆಚ್ಚು ಚೌಕಾಸಿ ಮಾಡುವಂತಿಲ್ಲ. ಇದಕ್ಕೆ ಎದುರಾಗಿ ಬ್ರಾಯ್ಲರ್ ಕೋಳಿಗೆ ಪ್ರತಿದಿನದ ಸಗಟು ದರವಿದೆ. ಮೊಟ್ಟೆಗೆ 1982ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ ದರ ಸೂಚಿಸುತ್ತದೆ. 2020ರ ಆರಂಭದಲ್ಲಿ ಕೊರೊನಾ ಕುರಿತ ವದಂತಿಗಳಿಂದ ಕೋಳಿಯ ದರ ಕುಸಿದಾಗ ಆ ನಷ್ಟ ದಿನದಿನವೂ ಅಂಕಿಗಳಲ್ಲಿ ಕಾಣಿಸುತ್ತಿತ್ತು. ಹಸುವಿನ ಬೆಲೆ ಕುಸಿದರೆ ಅದು ಯಾವ ಪಟ್ಟಿಯಲ್ಲಿಯೂ ಕಾಣಿಸದು.

ಕಂಬಳದ ಕೋಣ

ಹಾಲು, ಮಾಂಸ, ಉಳುಮೆ ಈ ಯಾವ ಲೆಕ್ಕಕ್ಕೂ ಸಿಗದ ಪ್ರಾಣಿಯೊಂದು ಈ ಜಿಲ್ಲೆಯಲ್ಲಿದೆ. ಕಾರ್ಕಳದ ಮಿಯಾರು, ಕಾಪು ತಾಲೂಕಿನ ಕಟಪಾಡಿ, ಅಡ್ವೆ ನಂದಿಕೂರು ಮುಂತಾದೆಡೆ ನಡೆಯುವ ಕಂಬಳಗಳಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ವಿಭಾಗಗಳಲ್ಲಿ ಓಡುವ ಕೋಣಗಳ ಬೆಲೆ ಲಕ್ಷಗಳಲ್ಲಿರುತ್ತದೆ. ಇಲ್ಲಿ ಬೆಲೆ ತರುವುದು ಗೆದ್ದ ಪದಕ ಮತ್ತು ಯಜಮಾನನ ಮನೆತನದ ಪ್ರತಿಷ್ಠೆ. ಗಮನಿಸಬೇಕಾದುದೆಂದರೆ, ಈ ಓಟಗಳ ಫಲಿತಾಂಶ ಬಹಿರಂಗ. ಯಾವ ಜೋಡಿ ಎಲ್ಲಿ, ಎಷ್ಟು ಸೆಕೆಂಡಿನಲ್ಲಿ ಓಡಿತೆಂಬ ದಾಖಲೆ ಎಲ್ಲರ ಬಳಿಯೂ ಇರುತ್ತದೆ. ಆದ್ದರಿಂದ ಕೊಳ್ಳುವವನು ಕಣ್ಣು ಮುಚ್ಚಿ ಕೊಳ್ಳುವುದಿಲ್ಲ.

ಈ ಬೆಲೆಗೆ ಇರುವ ಅಪಾಯ ಕಾನೂನಿನದು. 2014ರ ಮೇ 7ರಂದು ಸುಪ್ರೀಂ ಕೋರ್ಟ್ ಜಲ್ಲಿಕಟ್ಟು ಪ್ರಕರಣದಲ್ಲಿ ನೀಡಿದ ತೀರ್ಪಿನ ನಂತರ ಕಂಬಳದ ಭವಿಷ್ಯ ಅನಿಶ್ಚಿತವಾಯಿತು. ರಾಜ್ಯವು 2017ರಲ್ಲಿ ಕಾನೂನಿಗೆ ತಿದ್ದುಪಡಿ ತಂದಿತು. 2023ರ ಮೇ 18ರಂದು ಸಂವಿಧಾನ ಪೀಠ ಆ ಬಗೆಯ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಓಟವೇ ನಿಂತುಹೋದರೆ ಲಕ್ಷಗಳ ಕೋಣ ಮರುದಿನವೇ ಬರಿಯ ಕೋಣ. ಒಂದೇ ಉಪಯೋಗವನ್ನು ನೆಚ್ಚಿದ ಆಸ್ತಿಯ ಬೆಲೆ ಎಷ್ಟು ಸೂಕ್ಷ್ಮವೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ರೋಗ ಮತ್ತು ಸಾಗಾಟ

ರೋಗ ಹರಡಿದಾಗ ಬೆಲೆ ಎಲ್ಲೆಡೆಯೂ ಇಳಿಯುತ್ತದೆಂಬ ಭಾವನೆ ಪೂರ್ಣ ಸರಿಯಲ್ಲ. 2013ರಲ್ಲಿ ಕಾಲುಬಾಯಿ ರೋಗ ರಾಜ್ಯದಲ್ಲಿ ಸಾವಿರಾರು ದನಗಳನ್ನು ಬಲಿ ತೆಗೆದುಕೊಂಡಿತು. 2022ರಲ್ಲಿ ಚರ್ಮಗಂಟು ರೋಗ ಹರಡಿದಾಗ ಜಾನುವಾರು ಸಂತೆ, ಜಾತ್ರೆ ಹಾಗೂ ಸಾಗಾಟಕ್ಕೆ ನಿರ್ಬಂಧ ಬಂದಿತು. ಇಂತಹ ಸಮಯದಲ್ಲಿ ಹೆಚ್ಚುವರಿ ಪ್ರಾಣಿಗಳಿರುವ ಜಿಲ್ಲೆಗಳಲ್ಲಿ ಅವು ಕದಲದೆ ನಿಂತು ಬೆಲೆ ಇಳಿಯುತ್ತದೆ. ಹೊರಗಿನಿಂದ ಕೊಳ್ಳುವ ಉಡುಪಿಯಂತಹ ಜಿಲ್ಲೆಯಲ್ಲಿ ಆರೋಗ್ಯವಂತ ಹಸು ದುರ್ಲಭವಾಗಿ ಬೆಲೆ ಏರಲೂಬಹುದು.

ತಮಿಳುನಾಡಿನ ಈರೋಡಿನ ಕರುಂಗಲ್‌ಪಾಳ್ಯದಲ್ಲಿ ವಾರಕ್ಕೊಮ್ಮೆ ಸೇರುವ ದೊಡ್ಡ ಸಂತೆಗೆ ಕರ್ನಾಟಕ, ಕೇರಳಗಳ ವ್ಯಾಪಾರಿಗಳೂ ಹೋಗುತ್ತಾರೆ. ಅಂತಹ ಸಂತೆಯಲ್ಲಿ ಕೇಳಿದ ಬೆಲೆಯನ್ನು ಹಾಗೆಯೇ ಉಡುಪಿಗೆ ಅನ್ವಯಿಸುವಂತಿಲ್ಲ. ಪ್ರಾಣಿ ಸಾಗಾಟದ ನಿಯಮಗಳಂತೆ ಸರಕು ವಾಹನವೊಂದರಲ್ಲಿ ಆರಕ್ಕಿಂತ ಹೆಚ್ಚು ದನಗಳನ್ನು ಸಾಗಿಸುವಂತಿಲ್ಲ. ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ, ಖರೀದಿಯ ದಾಖಲೆಗಳು ಜೊತೆಗಿರಬೇಕು. ವಾಹನದ ಬಾಡಿಗೆಯನ್ನು ಆರರಿಂದಲೇ ಭಾಗಿಸಬೇಕು, ದಾರಿಯಲ್ಲಿ ಕುಗ್ಗುವ ಹಾಲನ್ನೂ ಕಳೆಯಬೇಕು. ದಾಖಲೆಯಿಲ್ಲದ ಸಾಗಾಟ ಅಗ್ಗವೆನಿಸಿದರೂ ವಾಹನ ಮುಟ್ಟುಗೋಲಾದರೆ ಅದುವರೆಗಿನ ಉಳಿತಾಯವೆಲ್ಲ ಒಂದೇ ದಿನದಲ್ಲಿ ಹೋಗುತ್ತದೆ.

ದರವಿಲ್ಲದಿರುವುದರ ವೆಚ್ಚ

ಪ್ರಕಟಿತ ದರವಿಲ್ಲದಿರುವುದರಿಂದ ಮೊದಲು ನಷ್ಟ ಅನುಭವಿಸುವವನು ಅವಸರದಲ್ಲಿ ಮಾರುವವನು. ಮದುವೆ, ಆಸ್ಪತ್ರೆ, ಮಕ್ಕಳ ಶುಲ್ಕ ಇವುಗಳಿಗೆಂದು ಹಸು ಮಾರುವ ಕುಟುಂಬ ದಲ್ಲಾಳಿಯ ಮಾತನ್ನೇ ದರವೆಂದು ನಂಬಬೇಕಾಗುತ್ತದೆ. ಎರಡನೆಯದಾಗಿ ಸಾಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಸೌಲಭ್ಯವನ್ನು 2018–19ರಲ್ಲಿ ಪಶುಪಾಲನೆಗೂ ವಿಸ್ತರಿಸಲಾಯಿತು. ಆದರೆ ಹಸು ಕೊಳ್ಳಲು ಕೊಡುವ ಸಾಲದಲ್ಲಿ ನಿಜವಾದ ಬೆಲೆಗೂ ಬ್ಯಾಂಕು ಒಪ್ಪುವ ಘಟಕ ವೆಚ್ಚಕ್ಕೂ ಅಂತರವಿದ್ದರೆ, ಆ ಅಂತರವನ್ನು ರೈತ ಕೈಸಾಲದಿಂದ ತುಂಬಬೇಕಾಗುತ್ತದೆ. ಮೂರನೆಯದಾಗಿ ವಿಮೆ. ವಿಮೆಯ ಮೊತ್ತ ಪಶುವೈದ್ಯರು ದೃಢೀಕರಿಸುವ ಮಾರುಕಟ್ಟೆ ಬೆಲೆಯನ್ನು ಆಧರಿಸಿರುತ್ತದೆ. ಆಧಾರಕ್ಕೆ ಪಟ್ಟಿಯೇ ಇಲ್ಲದಾಗ ಅದು ಅಂದಾಜಾಗಿಯೇ ಉಳಿಯುತ್ತದೆ. ಕಡಿಮೆ ಬರೆದರೆ ಹಸು ಸತ್ತಾಗ ರೈತನಿಗೆ ನಷ್ಟ, ಹೆಚ್ಚು ಬರೆದರೆ ವಿಮಾ ಸಂಸ್ಥೆಗೆ ಸಂಶಯ.

ಪರಿಹಾರದ ದಾರಿ

ಬೇರೆ ದೇಶಗಳಲ್ಲಿ ಈ ಸಮಸ್ಯೆಗೆ ಕಂಡುಕೊಂಡ ಉತ್ತರ ಸರಳವಾದುದು: ತೂಗು, ವರ್ಗೀಕರಿಸು, ಪ್ರಕಟಿಸು. ಬ್ರಿಟನ್ನಿನ ಹರಾಜು ಕೇಂದ್ರಗಳಲ್ಲಿ ಮಾಂಸದ ದನ, ಕುರಿಗಳ ದರ ಜೀವಂತ ತೂಕದ ಕಿಲೋಗೆ ಇಷ್ಟು ಪೆನ್ಸ್ ಎಂದು ವರದಿಯಾಗುತ್ತದೆ. ಆಸ್ಟ್ರೇಲಿಯದಲ್ಲಿ ಪೂರ್ವ ರಾಜ್ಯಗಳ ಎಳೆಯ ದನಗಳ ಮಾರಾಟದಿಂದ ಏಳು ದಿನಗಳ ಸರಾಸರಿಯ ಸೂಚ್ಯಂಕ ಸಿದ್ಧವಾಗುತ್ತದೆ. ಸಾಲ, ಒಪ್ಪಂದಗಳಲ್ಲಿ ಅದನ್ನು ಆಧಾರವಾಗಿ ಬಳಸಲಾಗುತ್ತದೆ. ಕರ್ನಾಟಕದಲ್ಲಿಯೂ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿಯ ಪಟ್ಟಿಯಲ್ಲಿ ಹಸು, ಎತ್ತು, ಎಮ್ಮೆ, ಕುರಿ, ಮೇಕೆಗಳಿಗೆ ಸ್ಥಾನವಿದೆ. ಆದರೆ ತಲೆಗಿಷ್ಟು ಎಂಬ ದರದಿಂದ ತಳಿ, ಸೂಲು, ಹಾಲು, ತೂಕ ಯಾವುದೂ ತಿಳಿಯದು.

ಉಡುಪಿ ಜಿಲ್ಲೆಗೆ ದೊಡ್ಡ ಹರಾಜು ಕಟ್ಟಡದ ಅಗತ್ಯವಿಲ್ಲ. ಇಲ್ಲಿಗೆ ಸಾಕಾಗುವಷ್ಟು ಪ್ರಾಣಿಗಳು ಒಂದೇ ದಿನ ಒಂದೇ ಕಡೆ ಸೇರುವುದೂ ಕಷ್ಟ. ಬೇಕಾಗಿರುವುದು ಮಾಹಿತಿಯ ಒಂದು ಕಟ್ಟೆ. ಅದಕ್ಕೆ ಬೇಕಾದ ಸಾಮಗ್ರಿ ಈಗಾಗಲೇ ಇದೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ರೋಗ ನಿಯಂತ್ರಣ ಕಾರ್ಯಕ್ರಮದಡಿ ದನ, ಎಮ್ಮೆಗಳ ಕಿವಿಗೆ ಹಾಕಲಾದ 12 ಅಂಕೆಗಳ ಓಲೆಯಿಂದ ಪ್ರಾಣಿಯ ಗುರುತು, ಲಸಿಕೆಯ ವಿವರ ದೊರೆಯುತ್ತದೆ. ಊರೂರಿನ ಹಾಲು ಸಂಘಗಳಲ್ಲಿ ಪ್ರತಿ ಸದಸ್ಯನ ಹಾಲಿನ ಪ್ರಮಾಣ, ಗುಣಮಟ್ಟಗಳ ದಾಖಲೆಯಿದೆ. ಮಾರಾಟದ ಸಮಯದಲ್ಲಿ ಓಲೆಯ ಸಂಖ್ಯೆ, ಸೂಲು, ದಿನದ ಹಾಲು, ಮಾರಿದ ಬೆಲೆ ಈ ನಾಲ್ಕನ್ನು ಸಂಘದ ಪುಸ್ತಕದಲ್ಲಿ ಬರೆದು, ಹೆಸರುಗಳನ್ನು ಬಿಟ್ಟು ತಿಂಗಳಿಗೊಮ್ಮೆ ತಾಲೂಕುವಾರು ಸರಾಸರಿ ಪ್ರಕಟಿಸಿದರೆ ಸಾಕು; ಆರು ತಿಂಗಳಲ್ಲಿ ಜಿಲ್ಲೆಗೊಂದು ದರಪಟ್ಟಿ ಸಿದ್ಧವಾಗುತ್ತದೆ.

ಇದರಲ್ಲಿ ವರ್ತಕರಿಗೂ ಸಣ್ಣ ಕೈಗಾರಿಕೆಗಳಿಗೂ ಪಾತ್ರವಿದೆ. ಆಡು, ಕುರಿಗಳನ್ನು ನಿಲ್ಲಿಸಿ ತೂಗುವ ಕಟಕಟೆಯುಳ್ಳ ತಕ್ಕಡಿಯನ್ನು ಸ್ಥಳೀಯ ವರ್ಕ್‌ಶಾಪುಗಳೇ ತಯಾರಿಸಬಹುದು. ವ್ಯಾಪಾರಕ್ಕೆ ಬಳಸುವ ತಕ್ಕಡಿಗೆ 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ಪರವಾನಗಿ, ಪರಿಶೀಲನೆ, ಮುದ್ರೆಗಳು ಅಗತ್ಯವೆಂಬುದನ್ನು ಮರೆಯಬಾರದು. ಪಶು ಆಹಾರದ ವ್ಯಾಪಾರಿಗಳು ತಮ್ಮ ಅಂಗಡಿಯ ಹಲಗೆಯಲ್ಲಿ ಹಿಂಡಿಯ ದರದ ಪಕ್ಕದಲ್ಲಿಯೇ ಆ ತಿಂಗಳ ಹಸುವಿನ ಸರಾಸರಿ ಬೆಲೆಯನ್ನು ಬರೆದು ಹಾಕಬಹುದು. ದಲ್ಲಾಳಿಗಳಿಗೂ ಇದರಿಂದ ನಷ್ಟವೇನಿಲ್ಲ. ಮಲ್ಪೆಯಲ್ಲಿ ದರ ಬಹಿರಂಗವಾದರೂ ಮಧ್ಯವರ್ತಿಗಳು ಉಳಿದಿದ್ದಾರೆ. ಅವರಿಗೆ ಪ್ರತಿಫಲ ಸಲ್ಲುತ್ತಿರುವುದು ಬೆಲೆಯನ್ನು ಮುಚ್ಚಿಟ್ಟದ್ದಕ್ಕಲ್ಲ, ಸರಕನ್ನೂ ಗಿರಾಕಿಯನ್ನೂ ಸೇರಿಸಿದ್ದಕ್ಕೆ.

ಪ್ರಕಟಿತ ದರದಿಂದ ಹಸುವಿನ ಬೆಲೆ ಏರಿಬಿಡುವುದೆಂದು ಯಾರೂ ನಿರೀಕ್ಷಿಸಬೇಕಾಗಿಲ್ಲ. ಹಾಲು, ಹಿಂಡಿ, ಹುಲ್ಲುಗಳ ಲೆಕ್ಕ ಹೇಳುವುದಕ್ಕಿಂತ ಹೆಚ್ಚು ಅದು ಏರಲಾರದು. ಆದರೆ ಆ ಲೆಕ್ಕ ಹೇಳುವುದಕ್ಕಿಂತ ಕಡಿಮೆಗೆ, ತಿಳಿಯದ ಕಾರಣದಿಂದ ಮಾರಬೇಕಾದ ಪರಿಸ್ಥಿತಿ ತಪ್ಪುತ್ತದೆ. ಮಲ್ಲಿಗೆಯ ಅಟ್ಟೆಗೆ ದಿನವೂ ದರ ಹೇಳಬಲ್ಲ ಜಿಲ್ಲೆಗೆ ಹಸುವಿನ ದರವನ್ನು ತಿಂಗಳಿಗೊಮ್ಮೆ ಹೇಳುವುದು ಅಸಾಧ್ಯವಾದ ಕೆಲಸವೇನಲ್ಲ.